ಸೊಲ್ಲಾಪುರದಲ್ಲಿ ಒಂದು ರಾತ್ರಿ ಉಳಿಯಿರಿ

ಪ್ಯಾಕೇಜ್ ಟೂರಿನ ಪಟ್ಟಿಗಳಲ್ಲಿ ಸೊಲ್ಲಾಪುರವೆಂದರೆ ಮಧ್ಯಾಹ್ನದ ಊಟ. ಬೆಂಗಳೂರಿನಿಂದಲೋ ಹುಬ್ಬಳ್ಳಿಯಿಂದಲೋ ಹೊರಟ ಟೆಂಪೋ ಟ್ರಾವೆಲರ್ ಮೊದಲು ಗಾಣಗಾಪುರದಲ್ಲಿ ಪಾದುಕೆಗಳ ದರ್ಶನ ಮಾಡಿಸುತ್ತದೆ. ಮಾರನೆಯ ಬೆಳಿಗ್ಗೆ ಅಕ್ಕಲಕೋಟ, ಸಂಜೆಗೆ ತುಳಜಾಪುರ, ಅದರ ಮರುದಿನ ಪಂಢರಪುರ. ನಕ್ಷೆ ತೆರೆದರೆ ಈ ನಾಲ್ಕು ಕ್ಷೇತ್ರಗಳ ನಡುವೆ ಸೊಲ್ಲಾಪುರ ಕೂತಿರುವುದು ಕಾಣುತ್ತದೆ. ಅಕ್ಕಲಕೋಟದಿಂದ ಸುಮಾರು 40 ಕಿಲೋಮೀಟರ್, ತುಳಜಾಪುರದಿಂದ 45ರ ಆಸುಪಾಸು, ಪಂಢರಪುರದಿಂದ 70ರ ಮೇಲೆ. ದಾಟದೆ ಗತಿಯಿಲ್ಲ, ಹಾಗಾಗಿ ದಾಟುತ್ತಾರೆ. ಹೆದ್ದಾರಿ ಬದಿಯಲ್ಲಿ ಒಂದು ಥಾಲಿ, ಪಕ್ಕದ ಅಂಗಡಿಯಲ್ಲಿ ಎರಡು ಚಾದರ, ಮತ್ತೆ ಸೀಟು.

ಇನ್ನೊಂದು ಬಗೆಯ ಪ್ರವಾಸವಿದೆ. ಹೊರದೇಶದವರಿಗೆ, ಈಚೆಗೆ ನಮ್ಮ ಮಹಾನಗರಗಳ ನೌಕರಿ ವರ್ಗಕ್ಕೂ ಮಾರುವಂಥದ್ದು. ಹದಿನೈದು ದಿನ, ಹತ್ತು-ಹನ್ನೆರಡು ಜನ, ಜೊತೆಗೊಬ್ಬ ಲೀಡರ್, ಮೇಲೆ ‘ವೈವಿಧ್ಯಮಯ ಭಾರತ’ ಎಂಬ ತಲೆಬರಹ. ದಿಲ್ಲಿ, ಆಗ್ರಾ, ಜೈಪುರ, ವಾರಾಣಸಿ, ಅಲ್ಲಿಂದ ವಿಮಾನ ಹತ್ತಿ ಕೊಚ್ಚಿ. ಆ ಗಾಡಿ ಸೊಲ್ಲಾಪುರದ ಕಡೆ ತಲೆ ಹಾಕಿಯೂ ಮಲಗುವುದಿಲ್ಲ. ಎರಡೂ ಬಗೆಯವರ ಲೆಕ್ಕ ಒಂದೇ. ರಾಜ್ಯ ಬದಲಾದರೆ ಭಾಷೆ ಬದಲಾಗುತ್ತದೆ, ಭಾಷೆ ಬದಲಾದರೆ ಊಟ ಬದಲಾಗುತ್ತದೆ, ಆದ್ದರಿಂದ ವೈವಿಧ್ಯ ಬೇಕಾದವರು ಹೆಚ್ಚು ಕಿಲೋಮೀಟರ್ ತಿರುಗಬೇಕು. ಈ ಲೆಕ್ಕ ತಪ್ಪು ಎನ್ನುವುದಕ್ಕೆ ಸೊಲ್ಲಾಪುರ ಜಿಲ್ಲೆಗಿಂತ ಹತ್ತಿರದ ಪುರಾವೆ ಕನ್ನಡಿಗರಿಗೆ ಸಿಗಲಾರದು. 2011ರ ಜನಗಣತಿಯಲ್ಲಿ ಒಂಬತ್ತೂವರೆ ಲಕ್ಷ ಜನರಿದ್ದ ಈ ನಗರದಲ್ಲಿ ಮರಾಠಿ, ಕನ್ನಡ, ತೆಲುಗು, ಉರ್ದು ನಾಲ್ಕೂ ಮನೆಮಾತು. ಒಂದು ಆಟೋ ಸವಾರಿಯಲ್ಲಿ ನಾಲ್ಕನ್ನೂ ಕೇಳಬಹುದು. ಆದರೆ ಕೇಳುವುದರಾಚೆಗೆ ಕಾಣಬೇಕೆಂದರೆ ಬಾಗಿಲು ತಟ್ಟಿ ಒಳಗೆ ಕರೆದೊಯ್ಯುವ ಒಬ್ಬರು ಬೇಕು, ಆ ಬಾಗಿಲಿನೊಳಗೆ ಹಿಡಿಸುವಷ್ಟೇ ಜನ ಇರಬೇಕು. ಸಣ್ಣ ಗುಂಪಿನ ಪ್ರವಾಸಕ್ಕೆ ಇದಕ್ಕಿಂತ ಹೆಚ್ಚಿನ ಸಮರ್ಥನೆ ನನಗೆ ಗೊತ್ತಿಲ್ಲ.

ಸಣ್ಣದು ಎಂದರೆ ಎಷ್ಟು? 1841ರ ಜುಲೈ 5ರಂದು ಥಾಮಸ್ ಕುಕ್ ಇಂಗ್ಲೆಂಡಿನ ಲೆಸ್ಟರ್‌ನಿಂದ ಲಫ್‌ಬರೋಗೆ ರೈಲಿನಲ್ಲಿ ಕರೆದೊಯ್ದದ್ದು ಸುಮಾರು 500 ಜನರನ್ನು, ಅದೂ ಪಾನನಿರೋಧದ ಸಭೆಗೆ. ಗುಂಪು ಪ್ರವಾಸದ ಆಧುನಿಕ ವ್ಯಾಪಾರದ ಕಥೆಯನ್ನು ಅಲ್ಲಿಂದಲೇ ಹೇಳುವ ರೂಢಿ. ನಮ್ಮಲ್ಲಿ ಈಗ ಸಂಖ್ಯೆಯನ್ನು ತೀರ್ಮಾನಿಸುವುದು ಗಾಡಿ. ಟೆಂಪೋ ಟ್ರಾವೆಲರ್, ಬೆಂಗಳೂರಿನವರ ಬಾಯಲ್ಲಿ ‘ಟಿಟಿ’, 12 ಸೀಟಿನದು ಸಿಗುತ್ತದೆ, 17ರದ್ದು ಸಿಗುತ್ತದೆ. ಗುಂಪಿನ ಅಳತೆಯೂ ಅಷ್ಟೇ. ಬಾಡಿಗೆ, ಡ್ರೈವರ್ ಬತ್ತೆ, ಡೀಸೆಲ್, ಟೋಲ್ ಇವೆಲ್ಲ ಒಳಗೆ ಎಷ್ಟು ಜನ ಕೂತರೂ ಅಷ್ಟೇ ಇರುತ್ತವೆ. 40 ಜನರ ಬಸ್ಸಿನಲ್ಲಿ ಹಂಚಿಹೋಗುವ ಖರ್ಚು ಇಲ್ಲಿ ಹನ್ನೆರಡು ತಲೆಗಳ ಮೇಲೆ ಬೀಳುತ್ತದೆ. ಆದ್ದರಿಂದ ಸಣ್ಣ ಗುಂಪಿನ ಪ್ರವಾಸ ತುಟ್ಟಿ. ಆ ತುಟ್ಟಿ ಕಣ್ಣಿಗೆ ಹೊಡೆಯಬಾರದೆಂದು ಆಯೋಜಕರು ಒಂದು ರಾತ್ರಿಯ ವಸತಿ ಕಳೆಯುತ್ತಾರೆ, ಒಂದು ಊರಿನ ಹೆಸರು ಕೂಡಿಸುತ್ತಾರೆ. ಪಟ್ಟಿ ಉದ್ದವಾಗಿ ಕಾಣುತ್ತದೆ, ದಿನ ಗಿಡ್ಡವಾಗುತ್ತದೆ. ಕೊನೆಗೆ ಹನ್ನೆರಡು ಜನರಿಗೆ ಸಿಗುವುದೂ 40 ಜನರಿಗೆ ಸಿಕ್ಕಿದ ಅದೇ ಕಿಟಕಿ, ಹೆಚ್ಚು ಬೆಲೆಗೆ.

ಗಡಿ ದಾಟುವ ತ್ರಾಸು ಈಗ ಕಡಿಮೆ. 2021ರ ಏಪ್ರಿಲ್ 1ರಿಂದ ಪ್ರವಾಸಿ ವಾಹನಗಳಿಗೆ ಅಖಿಲ ಭಾರತ ಪರವಾನಗಿಯನ್ನು ಒಂದೇ ಶುಲ್ಕಕ್ಕೆ ಆನ್‌ಲೈನಿನಲ್ಲಿ ಕೊಡುವ ನಿಯಮ ಬಂತು. ಅದಕ್ಕೂ ಮೊದಲು ರಾಜ್ಯ ರಾಜ್ಯಕ್ಕೂ ಬೇರೆ ತೆರಿಗೆ ಕಟ್ಟಿ, ಚೆಕ್‌ಪೋಸ್ಟಿನಲ್ಲಿ ರಸೀದಿ ಹಿಡಿದು ನಿಲ್ಲಬೇಕಿತ್ತು. ಗಾಡಿಗೆ ಈ ಪರವಾನಗಿ ಇದೆಯೇ ಎಂದು ಕೇಳಲು ಸಂಕೋಚ ಬೇಡ. ಬಿಳಿ ನಂಬರ್ ಪ್ಲೇಟಿನ ಸ್ವಂತ ಗಾಡಿಯಲ್ಲಿ ಬಾಡಿಗೆ ಹೊಡೆಯುವವರು ಎಲ್ಲ ಊರಲ್ಲೂ ಇದ್ದಾರೆ. ಏನಾದರೂ ಆದರೆ ವಿಮೆಗಾಗಿ ಓಡಾಡಬೇಕಾದವರು ಒಳಗೆ ಕೂತವರೇ.

ಗಾಡಿಯಲ್ಲಿ ಮೂರು ಕೆಲಸಗಳಿರುತ್ತವೆ. ಓಡಿಸುವುದು ಒಂದು. ರೂಮಿನ ಕೀಲಿ, ಊಟದ ಹೊತ್ತು, ತಲೆ ಎಣಿಕೆ, ಯಾರದೋ ಕಳೆದುಹೋದ ಚಪ್ಪಲಿ, ಇದು ಟೂರ್ ಮ್ಯಾನೇಜರನ ಕೆಲಸ. ಊರನ್ನು ಊರಿನ ಬಾಯಲ್ಲಿ ಹೇಳಿಸುವುದು ಗೈಡಿನದು. ನಮ್ಮ ಕ್ಷೇತ್ರಯಾತ್ರೆಯ ಪ್ಯಾಕೇಜುಗಳಲ್ಲಿ ಮೊದಲಿಬ್ಬರು ತಪ್ಪದೆ ಇರುತ್ತಾರೆ, ಮೂರನೆಯವರು ಇರುವುದಿಲ್ಲ. ಮ್ಯಾನೇಜರನೇ ಮೈಕು ಹಿಡಿದು ಸ್ಥಳಪುರಾಣ ಹೇಳಿ ಮುಗಿಸುತ್ತಾನೆ. ಪಾಪ, ಅವನಿಗಾದರೂ ಯಾರು ಹೇಳಿಕೊಟ್ಟಿದ್ದಾರೆ. ತಾಜ್‌ಮಹಲಿನಲ್ಲಿ, ಅಜಂತಾದಲ್ಲಿ ಪರವಾನಗಿ ಪಡೆದ ಗೈಡುಗಳು ಸಾಲುಗಟ್ಟಿ ಸಿಗುತ್ತಾರೆ. ಸೊಲ್ಲಾಪುರದಲ್ಲಿ ಆ ಬಗೆಯವರನ್ನು ಕಾಯುತ್ತ ಕೂರುವುದಕ್ಕಿಂತ ಇತಿಹಾಸ ಕಲಿಸುವ ಕಾಲೇಜು ಮೇಷ್ಟ್ರನ್ನೋ, ಮಿಲ್ಲಿನ ಕಾಲ ಕಂಡ ಹಿರಿಯರನ್ನೋ, ನಾಲ್ಕು ಭಾಷೆಯಲ್ಲಿ ಜಗಳಾಡಬಲ್ಲ ಆಟೋದವರನ್ನೋ ದಿನದ ಸಂಭಾವನೆ ಮಾತಾಡಿ ಕರೆದುಕೊಳ್ಳುವುದು ಮೇಲು. ಸಂಭಾವನೆಯನ್ನು ಹೊರಡುವ ಮೊದಲೇ ಮಾತಾಡಬೇಕು. ‘ನೀವು ತಿಳಿದು ಕೊಡ್ರಿ’ ಎಂಬ ಸೌಜನ್ಯದಲ್ಲಿ ಸಾಮಾನ್ಯವಾಗಿ ಕಡಿಮೆ ಸಿಗುವುದು ಅವರಿಗೇ.

ಈ ಸೀಮೆಗೆ ಗುಂಪು ಕಟ್ಟಿಕೊಂಡು ದೇಶ ದಾಟುವುದು ಹೊಸದೇನಲ್ಲ. ಸೊನ್ನಲಿಗೆಯ, ಎಂದರೆ ಇದೇ ಸೊಲ್ಲಾಪುರದ, ಸಿದ್ಧರಾಮ ಬಾಲ್ಯದಲ್ಲಿ ತನ್ನ ಮಲ್ಲಯ್ಯನನ್ನು ಹುಡುಕುತ್ತ ಶ್ರೀಶೈಲಕ್ಕೆ ಹೋದದ್ದು ದಾರಿಯಲ್ಲಿ ಸಿಕ್ಕ ಯಾತ್ರಿಕರ ಜೊತೆ ಎಂದು ರಾಘವಾಂಕನ ‘ಸಿದ್ಧರಾಮ ಚಾರಿತ್ರ’ದ ಕಥೆ. ಶ್ರೀಶೈಲ ಮುಟ್ಟಿದ ಮೇಲೆ ಆ ಹುಡುಗ ಗುಂಪು ಬಿಟ್ಟು ಒಬ್ಬನೇ ಕಮರಿಯ ಅಂಚಿಗೆ ಹೋಗುವ ಭಾಗವಂತೂ ಯಾವ ಟೂರ್ ಮ್ಯಾನೇಜರನ ಎದೆಯನ್ನಾದರೂ ನಡುಗಿಸೀತು.

ಪಂಢರಪುರದ ವಾರಿ ಎಂಬ ಕಾಲ್ನಡಿಗೆಯ ಯಾತ್ರೆ ಇನ್ನೂ ಅಚ್ಚುಕಟ್ಟಿನ ಏರ್ಪಾಡು. ಆಳಂದಿಯಿಂದ ಹೊರಡುವ ಜ್ಞಾನೇಶ್ವರರ ಪಾಲಕಿಗೆ 19ನೆಯ ಶತಮಾನದ ಮೊದಲ ಭಾಗದಲ್ಲಿ ಹೈಬತ್‌ಬಾಬಾ ಆರಫಳಕರರು ಈಗಿನ ಶಿಸ್ತು ತಂದರು. ಲಕ್ಷಗಟ್ಟಲೆ ಜನ ನಡೆಯುತ್ತಾರೆ ನಿಜ, ಆದರೆ ಲಕ್ಷವಾಗಿ ನಡೆಯುವುದಿಲ್ಲ, ದಿಂಡಿಗಳಾಗಿ ನಡೆಯುತ್ತಾರೆ. ಪ್ರತಿ ದಿಂಡಿಗೂ ನಂಬರ್ ಉಂಟು, ರಥದ ಮುಂದಿನ ದಿಂಡಿಗಳು ಬೇರೆ, ಹಿಂದಿನವು ಬೇರೆ. ವೀಣೆ ಹಿಡಿದವರು, ಮೃದಂಗದವರು, ತಾಳದವರು, ತುಳಸಿ ಹೊತ್ತ ಹೆಂಗಸರು, ಎಲ್ಲರ ಮೇಲೆ ಒಬ್ಬ ಪ್ರಮುಖರು. ಸದಸ್ಯರು ಮೊದಲೇ ದುಡ್ಡು ಕಟ್ಟಿರುತ್ತಾರೆ. ಸಾಮಾನು, ತಂಬು, ಅಡುಗೆ ಪಾತ್ರೆ ಹೊತ್ತ ಟ್ರಕ್ಕು ಮುಂದೆ ಹೋಗಿ ಮುಕ್ಕಾಮಿನ ಜಾಗದಲ್ಲಿ ಒಲೆ ಹೂಡಿರುತ್ತದೆ. ಸಣ್ಣ ಗುಂಪು, ಗೊತ್ತಾದ ದಾರಿ, ನಡೆಸುವವರೊಬ್ಬರು. ಇವತ್ತಿನ ಬ್ರೋಷರಿನವರು ಹೇಳುವುದೆಲ್ಲ ಅಲ್ಲಿದೆ.

ಆ ಬ್ರೋಷರಿನವರು ಹೇಳದ್ದೂ ಅಲ್ಲಿದೆ. ಸಮಾಜಶಾಸ್ತ್ರಜ್ಞೆ ಇರಾವತಿ ಕರ್ವೆ ಒಂದು ದಿಂಡಿಯ ಜೊತೆ ಪಂಢರಪುರದವರೆಗೆ ನಡೆದು ಬರೆದ ಪ್ರಬಂಧ 1962ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾಗಿ ಜಗತ್ತಿನ ವಿದ್ವಾಂಸರ ಗಮನ ಸೆಳೆಯಿತು. ಅವರಿದ್ದ ದಿಂಡಿಯಲ್ಲಿ ಬ್ರಾಹ್ಮಣರೂ ಮರಾಠರೂ ಇದ್ದರು. ಹಗಲಿಡೀ ಒಂದೇ ಅಭಂಗ ಹಾಡುತ್ತ ಒಟ್ಟಿಗೆ ನಡೆದವರು ಊಟಕ್ಕೆ ಮಾತ್ರ ಬೇರೆ ಬೇರೆ ಕೂರುತ್ತಿದ್ದರು. ಆ ಗೆರೆ ಕರ್ವೆಯವರನ್ನು ದಾರಿಯುದ್ದಕ್ಕೂ ಚುಚ್ಚಿತು. ಹತ್ತಾರು ಜನರನ್ನು ಒಂದು ಗಾಡಿಗೆ ಹತ್ತಿಸಿದ ಮಾತ್ರಕ್ಕೆ ಅವರು ದೇಶ ನೋಡುತ್ತಾರೆ ಎಂದು ನಂಬುವವರು ಆ ಪ್ರಬಂಧ ಓದಬೇಕು. ಈಗಿನ ಪ್ಯಾಕೇಜುಗಳ ‘ನಮ್ಮದೇ ಅಡುಗೆಯವರು ಜೊತೆಗಿರುತ್ತಾರೆ’ ಎಂಬ ಜಾಹೀರಾತು ನೋಡಿದಾಗಲೆಲ್ಲ ನನಗೆ ಅದು ನೆನಪಾಗುತ್ತದೆ. ವಯಸ್ಸಾದವರ ಹೊಟ್ಟೆಯ ಮಟ್ಟಿಗೆ ಅದು ಅನುಕೂಲವೇ, ಇಲ್ಲವೆನ್ನುವುದಿಲ್ಲ. ಆದರೆ ಮಾಲದಂಡಿ ಜೋಳದ ಸೀಮೆಯಲ್ಲಿ ನಿಂತು ಬೆಂಗಳೂರಿನ ರವೆ ಉಪ್ಪಿಟ್ಟು ತಿಂದು ಬಂದವರಿಗೆ ಊರು ಎಷ್ಟು ದಕ್ಕಿರಬಹುದು? ನಮ್ಮ ವಿಜಯಪುರ, ಕಲಬುರಗಿಯ ರೈತರು ಬಿತ್ತುವ ಎಂ 35-1 ಎಂಬ ಮಾಲದಂಡಿ ತಳಿಯನ್ನು ಆರಿಸಿ ತೆಗೆದದ್ದು ಇದೇ ಜಿಲ್ಲೆಯ ಮೋಹೋಳದಲ್ಲಿ. ಮಂಗಳವೇಢೆಯ ಜೋಳಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ಕಟಕ ರೊಟ್ಟಿ, ಶೇಂಗಾ ಚಟ್ನಿ, ಎಣಗಾಯಿ, ಜೊತೆಗೊಂದು ಈರುಳ್ಳಿ ಗಡ್ಡೆ. ಇದನ್ನು ಮನೆಯೊಂದರಲ್ಲಿ ಮೊದಲೇ ಹೇಳಿಟ್ಟು ಮಾಡಿಸಬಹುದು, ಹನ್ನೆರಡು ಜನಕ್ಕೆ. ನಲವತ್ತಕ್ಕೆ ಹೇಳಿದರೆ ಅದು ಮನೆಯೂಟವಾಗಿ ಉಳಿಯುವುದಿಲ್ಲ, ಕೇಟರಿಂಗ್ ಆಗುತ್ತದೆ.

ಒಂದು ಸಂಜೆ, ಒಂದು ರಾತ್ರಿ, ಒಂದು ಬೆಳಿಗ್ಗೆ ಸೊಲ್ಲಾಪುರಕ್ಕೆ ಕೊಟ್ಟರೆ ಏನು ನೋಡಬೇಕು? ನನ್ನನ್ನು ಕೇಳಿದರೆ ಚಾರ್ ಹುತಾತ್ಮರ ಪ್ರತಿಮೆಗಳಿಂದ ಶುರು ಮಾಡಿ. 1930ರ ಮೇ ತಿಂಗಳಲ್ಲಿ ಗಾಂಧೀಜಿಯವರ ಬಂಧನದ ಸುದ್ದಿ ಬಂದಾಗ ಈ ಗಿರಣಿ ಊರು ಎದ್ದು ನಿಂತಿತು, ಬ್ರಿಟಿಷ್ ಆಡಳಿತ ಕೆಲವು ದಿನ ಊರಿನಿಂದ ಕಾಲ್ತೆಗೆಯಿತು, ಆಮೇಲೆ ಮಾರ್ಷಲ್ ಲಾ ಹೇರಲಾಯಿತು. ಪೊಲೀಸರ ಕೊಲೆಯ ಆರೋಪ ಹೊರಿಸಿ 1931ರ ಜನವರಿ 12ರಂದು ಪುಣೆಯ ಯರವಡಾ ಜೈಲಿನಲ್ಲಿ ನಾಲ್ವರನ್ನು ಗಲ್ಲಿಗೇರಿಸಿದರು. ಮಲ್ಲಪ್ಪ ಧನಶೆಟ್ಟಿ, ಶ್ರೀಕಿಸನ್ ಸಾರಡಾ, ಜಗನ್ನಾಥ ಶಿಂದೆ, ಕುರ್ಬಾನ್ ಹುಸೇನ್. ಲಿಂಗಾಯತ, ಮಾರವಾಡಿ, ಮರಾಠಾ, ಮುಸ್ಲಿಂ. ಗೈಡಾದವರು ಇಲ್ಲಿ ಭಾಷಣ ಮಾಡಬೇಕಿಲ್ಲ. ನಾಲ್ಕು ಹೆಸರನ್ನು ನಿಧಾನವಾಗಿ ಓದಿದರೆ ಊರಿನ ಪೇಟೆ ಪೇಟೆಗಳೇ ಕಣ್ಣಮುಂದೆ ಬರುತ್ತವೆ.

ಅಲ್ಲಿಂದ ಭುಯಿಕೋಟ ಕೋಟೆಯ ಮಗ್ಗುಲಲ್ಲೇ ಇರುವ ಸಿದ್ಧೇಶ್ವರ ಗುಡಿ. ಸುತ್ತ ಕೆರೆ, ನಡುವೆ ಗುಡಿ. 12ನೆಯ ಶತಮಾನದ ವಚನಕಾರ ಸಿದ್ಧರಾಮ ಕೆರೆ ಕಟ್ಟಿಸಿದವನು, ಗುಡಿ ಕಟ್ಟಿಸಿದವನು, ಕಾಯಕಕ್ಕೆ ಜನರನ್ನು ಕೂಡಿಸಿದವನು. ಊರಿನ ಸುತ್ತ ಅವನು ಸ್ಥಾಪಿಸಿದ 68 ಲಿಂಗಗಳಿವೆ ಎಂಬ ನಂಬಿಕೆ. ಮಕರ ಸಂಕ್ರಾಂತಿಯ ಹೊತ್ತಿಗೆ ನಡೆಯುವ ಗಡ್ಡಾ ಯಾತ್ರೆಯಲ್ಲಿ ಏಳು ನಂದಿಧ್ವಜಗಳನ್ನು ಹೊತ್ತು, ಬಿಳಿ ಬಾರಾಬಂದಿ ಅಂಗಿ ತೊಟ್ಟವರು ಈ 68 ಲಿಂಗಗಳಿಗೆ ಎಣ್ಣೆ ಮಜ್ಜನ ಮಾಡಿಸುತ್ತ ಊರು ಸುತ್ತುತ್ತಾರೆ. ಮರುದಿನ ಅಕ್ಷತೆ. ಸಿದ್ಧರಾಮನನ್ನೇ ಮದುವೆಯಾಗುತ್ತೇನೆ ಎಂದು ಹಟ ಹಿಡಿದ ಕುಂಬಾರರ ಹುಡುಗಿಗೆ ಅವನು ತನ್ನ ಯೋಗದಂಡದೊಡನೆ ಮದುವೆಯಾಗಲು ಒಪ್ಪಿಗೆ ಕೊಟ್ಟನಂತೆ. ಆ ಮದುವೆ ಪ್ರತಿವರ್ಷ ಸಮ್ಮತಿ ಕಟ್ಟೆಯ ಹತ್ತಿರ ನಡೆಯುತ್ತದೆ. ಅಲ್ಲಿ ಓದುವ ಸಮ್ಮತಿ ಕನ್ನಡದ್ದು. ಮುಗಿಬಿದ್ದು ಅಕ್ಷತೆ ಹಾಕುವ ಲಕ್ಷಾಂತರ ಜನರಲ್ಲಿ ಮರಾಠಿಯವರಿದ್ದಾರೆ, ತೆಲುಗಿನವರಿದ್ದಾರೆ, ಕನ್ನಡದ ಒಂದಕ್ಷರ ಬಾರದವರಿದ್ದಾರೆ. ಯಾರೂ ಅರ್ಥ ಕೇಳುವುದಿಲ್ಲ. ಯಾತ್ರೆಯ ಕೊನೆಯ ಕಪ್ಪಡಕಳ್ಳಿಯ ವಿಧಿಯವರೆಗೂ ಮರಾಠಿ ಪತ್ರಿಕೆಗಳು ಈ ಕನ್ನಡ ಹೆಸರುಗಳನ್ನು ಹಾಗೆಯೇ ಅಚ್ಚು ಹಾಕುತ್ತವೆ.

ಇದನ್ನು ಕೇಳಿ ಎದೆಯುಬ್ಬಿಸುವ ಕನ್ನಡಿಗ ಪ್ರವಾಸಿಗೆ ಒಳ್ಳೆಯ ಗೈಡು ಇನ್ನೊಂದು ಸಂಗತಿಯನ್ನೂ ಹೇಳಬೇಕು. ವಿಜಯಪುರ ರಸ್ತೆಯ ಕಡೆ, ದಕ್ಷಿಣ ಸೊಲ್ಲಾಪುರ ತಾಲೂಕಿನಲ್ಲಿ, ಭೀಮಾ ಮತ್ತು ಸೀನಾ ನದಿಗಳು ಕೂಡುವ ಹತ್ತರಸಂಗ ಕೂಡಲದಲ್ಲಿ ಸಂಗಮೇಶ್ವರ, ಹರಿಹರೇಶ್ವರ ಗುಡಿಗಳಿವೆ. ಮೈತುಂಬ ಸಣ್ಣ ಸಣ್ಣ ಮುಖಗಳನ್ನು ಕೆತ್ತಿದ ದೊಡ್ಡ ಶಿವಲಿಂಗವೊಂದು ಅಲ್ಲಿನ ವಿಶೇಷ. ಕನ್ನಡ ಮಾತಾಡುವ ಹಳ್ಳಿಗಳ ನಡುವಿನ ಈ ಸಂಗಮೇಶ್ವರ ಗುಡಿಯಲ್ಲಿ ಶಕ 940ರ, ಎಂದರೆ ಕ್ರಿ.ಶ. 1018ರ ಶಾಸನವಿದೆ. ಅದು ಮರಾಠಿಯ ಅತ್ಯಂತ ಹಳೆಯ ಶಾಸನಗಳಲ್ಲೊಂದು. ಸೊಲ್ಲಾಪುರ ಶಹರದ ಮರಾಠಿ ಜನ ಕನ್ನಡದ ಸಮ್ಮತಿಗೆ ತಲೆಬಾಗಿದರೆ, ಕನ್ನಡದ ಹಳ್ಳಿ ಮರಾಠಿಯ ಹಳೆಯ ಬರಹವನ್ನು ಕಾಯ್ದುಕೊಂಡಿದೆ. ಬೆಳಗಾವಿಯ ಗಡಿಜಗಳದ ಸುದ್ದಿ ನೋಡಿ ಬೆಳೆದ ನಮ್ಮ ತಲೆಮಾರಿಗೆ ಇದನ್ನು ಕಣ್ಣಾರೆ ಕಾಣುವ ಅಗತ್ಯವಿದೆ.

ತೆಲುಗಿನ ಸೊಲ್ಲಾಪುರ ಪೂರ್ವಭಾಗದಲ್ಲಿದೆ. ತೆಲಂಗಾಣದ ಕಡೆಯಿಂದ ತಲೆಮಾರುಗಳ ಹಿಂದೆ ಬಂದ ಪದ್ಮಶಾಲಿ ನೇಕಾರರು ಮೊದಲು ಕೈಮಗ್ಗದಲ್ಲಿ, ಆಮೇಲೆ ಗಿರಣಿಯಲ್ಲಿ ದುಡಿದರು, ಈಗ ಪವರ್‌ಲೂಮ್ ನಡೆಸುತ್ತಾರೆ. 1877ರಲ್ಲಿ ಶುರುವಾದ ‘ಜುನೀ ಮಿಲ್’ ಸೇರಿದಂತೆ ದೊಡ್ಡ ಗಿರಣಿಗಳು ಮುಚ್ಚಿದ ಮೇಲೂ ಓಣಿಗಳ ಶೆಡ್ಡುಗಳಲ್ಲಿ ಮಗ್ಗದ ಸಪ್ಪಳ ನಿಂತಿಲ್ಲ. ಸೊಲ್ಲಾಪುರ ಚಾದರಕ್ಕೂ ಇಲ್ಲಿನ ಟರ್ಕಿ ಟವೆಲಿಗೂ ಭೌಗೋಳಿಕ ಗುರುತು ಸಿಕ್ಕಿದೆ. ಚಾದರದ ಮೇಲಿನ ನವಿಲು, ಹೂವು ಎಲ್ಲ ಅಚ್ಚು ಹಾಕಿದ್ದಲ್ಲ, ಜಕಾರ್ಡಿನಲ್ಲಿ ನೂಲನ್ನೇ ಎತ್ತಿ ಇಳಿಸಿ ನೇಯ್ದದ್ದು. ಹೆದ್ದಾರಿ ಅಂಗಡಿಯಲ್ಲಿ ‘ಸೊಲ್ಲಾಪುರ’ ಎಂದು ಕೊಡುವ ಎಲ್ಲವೂ ಇಲ್ಲಿಯದಲ್ಲ. ಪ್ರವಾಸಿಗರನ್ನು ಕರೆತಂದವರಿಗೆ ಅಂಗಡಿಯವರು ಕಮಿಷನ್ ಕೊಡುವ ಪದ್ಧತಿ ದೇಶದ ತುಂಬ ಇರುವಾಗ ನಿಮ್ಮ ಗಾಡಿ ಯಾವ ಅಂಗಡಿಯ ಮುಂದೆ ನಿಲ್ಲುತ್ತದೆ ಎಂಬುದಕ್ಕೆ ಚಾದರದ ಗುಣವೇ ಕಾರಣವಾಗಿರಬೇಕಿಲ್ಲ. ಶೆಡ್ಡಿಗೇ ಹೋಗಿ. ಅಲ್ಲಿ ಎರಡು ಮಗ್ಗಗಳ ನಡುವೆ ಒಬ್ಬರು ಅಡ್ಡ ನಡೆದುಹೋಗುವಷ್ಟು ಜಾಗ. ಸಪ್ಪಳದಲ್ಲಿ ಪಕ್ಕದವರ ಮಾತು ಕೇಳದು, ಗೈಡು ಹೊರಗೇ ನಿಂತು ಹೇಳಿ ಒಳಗೆ ನಾಲ್ಕು ನಾಲ್ಕು ಜನರನ್ನು ಕಳಿಸಬೇಕು. ಹನ್ನೆರಡು ಜನವಾದರೆ ಮೂರು ಸರದಿ. ದೊಡ್ಡ ಬಸ್ಸಿನವರಿಗೆ ಇದು ಆಗದ ಮಾತು.

ಇದೇ ಓಣಿಗಳ ಹೊಸ್ತಿಲುಗಳಲ್ಲಿ ಹೆಂಗಸರು ಬೀಡಿ ಸುತ್ತುತ್ತ ಕೂತಿರುತ್ತಾರೆ. ದಿನಕ್ಕೆ ಇಷ್ಟು ಸಾವಿರ ಎಂಬ ಲೆಕ್ಕದ ಕೆಲಸ. ನಾವು ಮಾತಿಗೆಳೆದಷ್ಟು ಹೊತ್ತು ಅವರ ಕೂಲಿ ನಿಲ್ಲುತ್ತದೆ. ‘ನೋಡ್ರಿ, ಎಷ್ಟು ಚಂದ ಸುತ್ತುತ್ತಾರೆ’ ಎಂದು ಮೊಬೈಲ್ ಎತ್ತುವ ಮುಂಚೆ ಒಂದು ಮಾತು ಕೇಳುವುದು ಮರ್ಯಾದೆ. ಅಕ್ಕಲಕೋಟದ ದಾರಿಯಲ್ಲಿ ಸಿಗುವ ಕುಂಭಾರಿಯಲ್ಲಿ ಬೀಡಿ ಕಾರ್ಮಿಕರಿಗೆಂದು ಕಟ್ಟಿದ ಸಾವಿರಾರು ಮನೆಗಳ ವಸಾಹತು ಇದೆ. ಈಚೆಗೆ ಅಲ್ಲೇ ರೇನಗರದ 30 ಸಾವಿರ ಮನೆಗಳ ಯೋಜನೆ ಎದ್ದಿತು, 2024ರ ಜನವರಿಯಲ್ಲಿ ಮೊದಲ 15 ಸಾವಿರ ಮನೆಗಳ ಹಸ್ತಾಂತರವಾಯಿತು. ಯಾವ ಟೂರಿಸಂ ನಕ್ಷೆಯಲ್ಲೂ ಇಲ್ಲದ ಈ ಜಾಗವನ್ನು ಗೈಡು ಕಿಟಕಿಯಿಂದಲಾದರೂ ತೋರಿಸಿ, ಇವರೆಲ್ಲ ಯಾರು, ಎಲ್ಲಿಂದ ಬಂದರು ಎಂದು ಹೇಳಬೇಕು.

ಕುಂಭಾರಿ ದಾಟಿದಂತೆ ಕಿವಿಗೆ ಕನ್ನಡ ಹೆಚ್ಚು ಬೀಳತೊಡಗುತ್ತದೆ. ಬೋರ್ಡು ಮರಾಠಿ, ಮಾತು ಕನ್ನಡ. ‘ಬರ್ರಿ ಅಣ್ಣಾರ, ಚಾ ಕುಡೀರಿ’ ಎಂದವರೇ ಮರುಕ್ಷಣ ಪುಣೆಯ ಗಿರಾಕಿಗೆ ಮರಾಠಿಯಲ್ಲಿ ಲೆಕ್ಕ ಹೇಳುತ್ತಾರೆ. ಅಕ್ಕಲಕೋಟ ತಾಲೂಕು ಮತ್ತು ದಕ್ಷಿಣ ಸೊಲ್ಲಾಪುರದಲ್ಲಿ ಜಿಲ್ಲಾ ಪರಿಷತ್ತಿನ ಕನ್ನಡ ಮಾಧ್ಯಮ ಶಾಲೆಗಳಿವೆ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಈ ಭಾಗ ಅತ್ತ ಉಳಿಯಿತು, 1967ರ ಮಹಾಜನ ವರದಿ ಅಕ್ಕಲಕೋಟ ಸೇರಿದಂತೆ ಈ ಸೀಮೆಯ ಭಾಗಗಳು ಕರ್ನಾಟಕಕ್ಕೆ ಸೇರಲಿ ಎಂದಿತು, ಮಹಾರಾಷ್ಟ್ರ ವರದಿಯನ್ನು ಒಪ್ಪಲಿಲ್ಲ. ಇಷ್ಟನ್ನು ಹೇಳಿ ಗೈಡು ಮುಂದೆ ಹೋಗುವುದು ಕ್ಷೇಮ. ಈ ವಿಷಯ ಬಂದರೆ ಹನ್ನೆರಡು ಸೀಟಿನಲ್ಲೂ ಎರಡು ಪಕ್ಷವಾಗುತ್ತದೆ. ಜಗಳವಿಲ್ಲದೆ ಹೇಳಬಹುದಾದದ್ದೂ ಇದೆ: 1950ರಲ್ಲಿ ಸೊಲ್ಲಾಪುರದಲ್ಲೇ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಿತ್ತು. ಅದೇ ಊರಿನ ಜಯದೇವಿತಾಯಿ ಲಿಗಾಡೆ 1974ರ ಮಂಡ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿದರು, ಆ ಪೀಠದಲ್ಲಿ ಕೂತ ಮೊದಲ ಮಹಿಳೆ ಅವರು.

ಅಕ್ಕಲಕೋಟದ ಸ್ವಾಮಿ ಸಮರ್ಥರು 1850ರ ದಶಕದ ಉತ್ತರಾರ್ಧದಲ್ಲಿ ಈ ಊರಿಗೆ ಬಂದು, ಎರಡು ದಶಕ ಇಲ್ಲಿದ್ದು, 1878ರಲ್ಲಿ ದೇಹ ಬಿಟ್ಟರು. ಎಲ್ಲಿಂದ ಬಂದರು, ಯಾವ ಜಾತಿ, ಯಾವ ಭಾಷೆ ಎಂಬ ಪ್ರಶ್ನೆಗೆ ನೇರ ಉತ್ತರ ಅವರಿಂದ ಯಾರಿಗೂ ಸಿಗಲಿಲ್ಲ ಎನ್ನುತ್ತಾರೆ. ಅವರು ಕೂರುತ್ತಿದ್ದ ಆಲದ ಮರದ ಬಳಿಯ ವಟವೃಕ್ಷ ಮಂದಿರ, ಶಿಷ್ಯ ಚೋಳಪ್ಪನವರ ಮನೆಯಲ್ಲಿನ ಸಮಾಧಿ ಮಠ, ಇವೆರಡನ್ನೇ ಹೆಚ್ಚಿನ ಗುಂಪುಗಳು ನೋಡುವುದು. ಗುರುವಾರ, ಗುರುಪೂರ್ಣಿಮೆ, ದತ್ತ ಜಯಂತಿಗಳಲ್ಲಿ ಸರದಿ ಬಹಳ ಉದ್ದ. ಅಂದು ಹೋಗಿ ಬೇಗ ದರ್ಶನವಾಗಬೇಕೆಂದರೆ ಯಾವ ಮ್ಯಾನೇಜರನಿಂದಲೂ ಆಗದು. ಬುಧವಾರವೋ ಶುಕ್ರವಾರವೋ ಇಟ್ಟುಕೊಂಡರೆ ಉಳಿದ ಹೊತ್ತಿನಲ್ಲಿ ಅಕ್ಕಲಕೋಟ ಸಂಸ್ಥಾನದ ಭೋಸಲೆ ಅರಮನೆಯ ಶಸ್ತ್ರಾಗಾರ ನೋಡಬಹುದು. ಸ್ವಾತಂತ್ರ್ಯಾನಂತರ ವಿಲೀನವಾಗುವವರೆಗೂ ಇದು ಸ್ವಂತ ರಾಜರಿದ್ದ ಊರು ಎಂಬುದು ಬಹಳ ಯಾತ್ರಿಕರಿಗೆ ತಿಳಿದೇ ಇರುವುದಿಲ್ಲ.

1988ರಲ್ಲಿ ಶುರುವಾದ ಅನ್ನಛತ್ರದ ಪಂಕ್ತಿಯನ್ನು ಮಾತ್ರ ತಪ್ಪಿಸಬೇಡಿ. ಪ್ಯಾಕೇಜಿನಲ್ಲಿ ಹೋಟೆಲ್ ಊಟ ಸೇರಿದೆ ಎಂಬ ಒಂದೇ ಕಾರಣಕ್ಕೆ ಇದನ್ನು ಬಿಟ್ಟುಹೋಗುವ ಗುಂಪುಗಳಿವೆ. ಮುಂಬೈಯ ಗುಮಾಸ್ತರು, ಲಾತೂರಿನ ರೈತರು, ಆಳಂದದ ಅಜ್ಜಿ, ಹೈದರಾಬಾದಿನ ಸಾಫ್ಟ್‌ವೇರ್ ಹುಡುಗ ಒಂದೇ ಸಾಲಿನಲ್ಲಿ ಕೂತು, ಯಾರ ಪಕ್ಕ ಯಾರು ಎಂದು ಕೇಳದೆ ಉಣ್ಣುವ ಜಾಗ ಅದು. ಕರ್ವೆಯವರು ಕಂಡ ದಿಂಡಿಯ ಊಟದ ಸಾಲಿಗೂ ಇದಕ್ಕೂ ಎಷ್ಟು ಅಂತರ ಎಂದು ಯೋಚಿಸಲು ಅಲ್ಲಿ ಪುರುಸೊತ್ತಿರುವುದಿಲ್ಲ, ಬಡಿಸುವವರು ಅಷ್ಟು ಚುರುಕು.

ಭಕ್ತರ ಓಡಾಟ ಗಡಿಯನ್ನು ಹೇಗೆ ಹೊಲಿದಿದೆ ಎಂಬುದಕ್ಕೆ ಗಾಣಗಾಪುರವನ್ನೂ ಸೇರಿಸಿ ನೋಡಬೇಕು. ಕಲಬುರಗಿ ಜಿಲ್ಲೆಯ ಅಫಜಲಪುರ ತಾಲೂಕಿನ, ಭೀಮಾ-ಅಮರ್ಜಾ ಸಂಗಮದ ಈ ಊರಿನಲ್ಲಿ ಮಧ್ಯಾಹ್ನದ ಮಾಧುಕರಿ ಭಿಕ್ಷೆಗೆ ನಿಲ್ಲುವವರಲ್ಲಿ, ಭಿಕ್ಷೆ ನೀಡುವವರಲ್ಲಿ ಮರಾಠಿಯವರೇ ಬಹಳ. ದತ್ತಭಕ್ತರು ಪಾರಾಯಣ ಮಾಡುವ ‘ಗುರುಚರಿತ್ರೆ’ ಮರಾಠಿಯ ಗ್ರಂಥ. ಅದನ್ನು ಬರೆದ ಸರಸ್ವತಿ ಗಂಗಾಧರರ ಮನೆಮಾತು ಕನ್ನಡವಾಗಿತ್ತೆಂದು ಹೇಳುತ್ತಾರೆ, ಮರಾಠಿ ತನಗೆ ಸರಿಯಾಗಿ ಬಾರದು ಎಂದು ಗ್ರಂಥದಲ್ಲೇ ಅವರು ಅರಿಕೆ ಮಾಡಿಕೊಂಡಿದ್ದಾರೆ. ಇತ್ತಲಿಂದ ವಿಠ್ಠಲನಿಗೆ, ತುಳಜಾ ಭವಾನಿಗೆ ಹೋಗುವ ಕನ್ನಡದ ಮನೆಗಳೆಷ್ಟೋ. ಮೈಸೂರಿನಿಂದ ಹೊರಟು ವಿಜಯಪುರದ ಮೇಲೆ ಸೊಲ್ಲಾಪುರಕ್ಕೆ ಬರುತ್ತಿದ್ದ ಗೋಲಗುಂಬಜ್ ಎಕ್ಸ್‌ಪ್ರೆಸ್ಸನ್ನು ಪಂಢರಪುರದವರೆಗೆ ವಿಸ್ತರಿಸಿದ್ದು ಈ ಓಡಾಟ ನೋಡಿಯೇ ಇರಬೇಕು. ರೈಲಿನಲ್ಲಿ ಬಂದು ಸೊಲ್ಲಾಪುರದಲ್ಲಿ ಇಳಿದು, ಗಾಡಿಯನ್ನು ಇಲ್ಲಿಂದಲೇ ಬಾಡಿಗೆಗೆ ಹಿಡಿಯುವುದು ಬೆಂಗಳೂರು ಕಡೆಯವರಿಗೆ ಅಗ್ಗ, ಸೊಂಟಕ್ಕೂ ಸುಖ. ಡ್ರೈವರ್ ಇಲ್ಲಿಯವರೇ ಆದ್ದರಿಂದ ಅರ್ಧ ಗೈಡು ಪುಕ್ಕಟೆ ಸಿಕ್ಕಂತೆ.

ಹವೆಯ ಮಾತೂ ಸ್ವಲ್ಪ. ಮಾರ್ಚ್ ಮುಗಿದ ಮೇಲೆ ಬಿಸಿಲು 40 ಡಿಗ್ರಿ ದಾಟುತ್ತದೆ, ವಯಸ್ಸಾದವರನ್ನು ಕರೆತರಬೇಡಿ. ನವೆಂಬರಿನಿಂದ ಫೆಬ್ರವರಿ ಒಳ್ಳೆಯದು. ಡಿಸೆಂಬರಿನ ಕೊನೆಗೆ ಹೊಲಗಳಲ್ಲಿ ಎಳೆಜೋಳದ ಸೀತನಿ ಸುಡುವ ಕಾಲ, ಪುಣೆಯವರು ‘ಹುರಡಾ ಪಾರ್ಟಿ’ಗೆಂದೇ ಬರುತ್ತಾರೆ. ಸಂಕ್ರಾಂತಿಯ ವಾರ ಗಡ್ಡಾ ಯಾತ್ರೆ ನೋಡಬೇಕೆನ್ನುವವರು ಲಾಡ್ಜನ್ನು ಬಹಳ ಮೊದಲೇ ಹಿಡಿದಿಡಬೇಕು. ಆ ವಾರ ಮಗ್ಗದ ಶೆಡ್ಡು ನೋಡುವ ಆಸೆ ಬಿಡಿ, ನೇಕಾರರೂ ಯಾತ್ರೆಯಲ್ಲೇ ಇರುತ್ತಾರೆ.

ಟ್ರಾವೆಲ್ಸಿನವರ ಮುಂದೆ ಇದನ್ನೆಲ್ಲ ಹೇಳಿದರೆ ‘ಸೊಲ್ಲಾಪುರದಾಗ ನೋಡಾಕ ಏನೈತ್ರಿ?’ ಎಂದೇ ಕೇಳುತ್ತಾರೆ. ದೊಡ್ಡ ಬಸ್ಸಿನ ಟಿಕೆಟ್ ಕೊಂಡ ಒಬ್ಬರ ಮಾತಿಗೆ ಅಲ್ಲಿ ಬೆಲೆಯಿಲ್ಲ. 12 ಸೀಟಿನ ಗಾಡಿಯಲ್ಲಿ ಮೂರು ಮನೆಯವರು ಕೂಡಿ ಹೇಳಿದರೆ ಗಾಡಿ ತುಂಬಿದಂತೆ, ಆಗ ಪಟ್ಟಿ ತಿದ್ದುವುದು ನಿಮ್ಮ ಕೈಯಲ್ಲಿರುತ್ತದೆ. ತುಳಜಾಪುರದ ರಾತ್ರಿ ವಸತಿಯನ್ನು ಸೊಲ್ಲಾಪುರಕ್ಕೆ ಬದಲಿಸಿ, ಅಲ್ಲಿಂದ ತುಳಜಾಪುರಕ್ಕೆ ಬೆಳಿಗ್ಗೆ ಒಂದು ತಾಸಿನ ದಾರಿ ಅಷ್ಟೇ. ಸ್ಥಳೀಯ ಗೈಡಿನ ಒಂದು ದಿನದ ಸಂಭಾವನೆ, ಮನೆಯೂಟದ ಖರ್ಚು ತಲೆಗೆ ಎಷ್ಟು ಬೀಳುತ್ತದೆ ಎಂದು ಬರೆಸಿಕೊಳ್ಳಿ. ಮುಂಗಡ ಕೊಡುವುದು ಆಮೇಲೆ.